ಟೈರ್ ಕಾಕಾ ಹಾಕದ ಟೈರು

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಯಾವ ಕಾಲದಲ್ಲೋ ರಿಮ್ಮಿನಿಂದ ಟೈರು ಎಬ್ಬಿಸುವಾಗ ಕಬ್ಬಿಣದ ಪಟ್ಟಿ ಜಾರಿ ಬಡಿದದ್ದಂತೆ. ಆ ಸೀಳು ಮತ್ತೆ ಕೂಡಿಕೊಳ್ಳಲಿಲ್ಲ. ಅದರೊಳಗೆ ಕೂತ ಕಪ್ಪು ಎಷ್ಟು ಸೋಪು ಹಚ್ಚಿದರೂ ಹೋಗುತ್ತಿರಲಿಲ್ಲ. ಗಾಡಿ ಬಂದು ನಿಂತರೆ ಅವರು ಮೊದಲು ಮಾತಾಡುತ್ತಿರಲಿಲ್ಲ. ಕುಕ್ಕರಗಾಲಲ್ಲಿ ಕೂತು ಆ ಹೆಬ್ಬೆರಳನ್ನು ಟೈರಿನ ಮೈಮೇಲೆ ಅಡ್ಡಕ್ಕೆ ಎಳೆಯುತ್ತಿದ್ದರು, ವೈದ್ಯರು ನಾಡಿ ನೋಡುವ ಹಾಗೆ. ಆಮೇಲೆ ತಲೆ ಎತ್ತಿ, "ಇನ್ನೊಂದು ಮಳಿಗಾಲ ನಡೀತೈತಿ" ಅಂತಲೋ, "ಇದು ಸತ್ತು ತಿಂಗಳಾತು, ನೀ ಹೆಣದ ಮ್ಯಾಲೆ ಕುಂತು ಅಡ್ಡಾಡಾಕತ್ತಿ" ಅಂತಲೋ ಹೇಳುತ್ತಿದ್ದರು.

ಬೆಟಗೇರಿಯಲ್ಲಿ ಎಲ್ಲರೂ ಅವರನ್ನು ಟೈರ್ ಕಾಕಾ ಅನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತಿದ್ದೆ. ಅವರ ಅಂಗಡಿ ಅಂದರೆ ಒಂದು ತಗಡಿನ ಶೆಡ್ಡು, ಪಂಕ್ಚರ್ ನೋಡುವ ನೀರಿನ ಬೋಗುಣಿ, ಗಾಳಿ ತುಂಬುವ ಯಂತ್ರ, ಮೇಲೆ ಸಾಲಾಗಿ ತೂಗುಬಿಟ್ಟ ಟೈರುಗಳು. ಸುತ್ತಲಿನ ಓಣಿಗಳಲ್ಲಿ ಮಗ್ಗದ ಸಪ್ಪಳ. ಆ ಓಣಿಗಳಲ್ಲೊಂದರಲ್ಲಿ ನಮ್ಮ ಮನೆ. ನನ್ನ ಹೆಂಡತಿ ಕುಣಿ ಮಗ್ಗದಲ್ಲಿ ಸೀರೆ ನೇಯುತ್ತಿದ್ದಳು. ಅವಳು ನೇಯ್ದದ್ದನ್ನೂ, ನೆರೆಹೊರೆಯವರು ನೇಯ್ದದ್ದನ್ನೂ ಗಂಟು ಕಟ್ಟಿ ಬೈಕಿಗೆ ಹೇರಿಕೊಂಡು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಅಂತ ಅಂಗಡಿಯಿಂದ ಅಂಗಡಿಗೆ ತಿರುಗುವುದು ನನ್ನ ಕೆಲಸ. ಅಂಥವನಿಗೆ ಟೈರ್ ಕಾಕಾ ಇಲ್ಲದೆ ನಡೆಯುತ್ತಿರಲಿಲ್ಲ.

ಗಾಡಿಯ ಮೇಲೆ ಗಂಟು ಹೇಗೆ ಕಟ್ಟಬೇಕು ಎಂಬುದನ್ನು ನನಗೆ ಕಲಿಸಿದವರೇ ಅವರು. ಹಿಂದೆ ಭಾರ ಹೆಚ್ಚಾದರೆ ಮುಂದಿನ ಗಾಲಿ ಹಗುರಾಗಿ ಮಾತು ಕೇಳುವುದಿಲ್ಲ ಎಂದು, ಅರ್ಧ ಗಂಟನ್ನು ಮುಂದೆ ಪೆಟ್ರೋಲ್ ಟಾಕಿಯ ಮೇಲೆ ಹಾಕಿಸಿದ್ದರು. ಒಮ್ಮೆ ಮುಂಡರಗಿಯ ಆಚೆ ನನ್ನ ಟ್ಯೂಬು ವಾಲ್ವಿನ ಬುಡದಲ್ಲೇ ಹರಿದುಹೋಯಿತು. ಅಲ್ಲಿ ಆ ಅಳತೆಯ ಟ್ಯೂಬು ಸಿಗಲಿಲ್ಲ. ಫೋನು ಮಾಡಿದೆ. ಮಧ್ಯಾಹ್ನದ ಬಸ್ಸಿನಲ್ಲಿ ಯಾರ ಕೈಯಲ್ಲಾದರೂ ಕಳಿಸುತ್ತಾರೆ ಅಂದುಕೊಂಡು ನಿಲ್ದಾಣದಲ್ಲಿ ಕಾದರೆ, ಬಸ್ಸಿನಿಂದ ಅವರೇ ಇಳಿದರು. ಹೆಗಲಿಗೆ ಟ್ಯೂಬು, ಕೈಚೀಲದಲ್ಲಿ ಸಾಮಾನು.

"ನೀವಽ ಯಾಕ ಬರಾಕ ಹೋದ್ರಿ ಕಾಕಾ?"

"ನೀ ಹಾಕಿದ್ರ ರಿಮ್ಮಿಗೆ ಟ್ಯೂಬು ಕಡಿಸಿ ಇಟ್ಟಿರ್ತಿದ್ದಿ. ಮತ್ತ ಎರಡನೇದು ಹೊತ್ಕೊಂಡು ಬರಬೇಕಾಗ್ತಿತ್ತು" ಅಂದರು.

ಅವರ ನೆನಪು ಊರಿಗೇ ಗೊತ್ತಿತ್ತು. ಮನುಷ್ಯರ ಹೆಸರು ಮರೆತರೂ ಗಾಡಿ ಮರೆಯುತ್ತಿರಲಿಲ್ಲ. ಬೀದಿಯಲ್ಲಿ ಬೈಕೊಂದು ಹೋದರೆ, ಅದರ ಮುಂದಿನ ಟೈರು ಯಾವ ಹಬ್ಬದ ಹೊತ್ತಿಗೆ ಹಾಕಿದ್ದು, ಹಿಂದಿನದಕ್ಕೆ ಎಷ್ಟು ಪಂಕ್ಚರ್ ಆಗಿವೆ ಎಂದು ತಲೆ ಎತ್ತದೆ ಹೇಳುತ್ತಿದ್ದರು. ನಟ್ಟು ಬಿಗಿಯುವ ಮೊದಲು ಗಾಡಿಯವನನ್ನೇ ಕೂರಿಸಿ, ಟೈರಿನ ಮಗ್ಗುಲಲ್ಲಿ ಅಚ್ಚೊತ್ತಿದ ಬಾಣ ಗಾಲಿ ತಿರುಗುವ ಕಡೆಗೇ ಇದೆಯೋ ಇಲ್ಲವೋ ನೋಡಿಸುತ್ತಿದ್ದರು. "ಮೊದಲ ನಿನ್ನ ಕಣ್ಣೀಲೆ ನೋಡು. ಆಮ್ಯಾಲೆ ನನ್ನ ನಂಬು."

ಹಿಂದಿನ ಟೈರು ಬೇಗ ಸವೆಯುತ್ತದೆ. ಅದಕ್ಕೇ ಜನ ಹಿಂದಿನದೊಂದನ್ನೇ ಬದಲಿಸುತ್ತಾರೆ, ಕೈಗೆ ಸಿಕ್ಕದ್ದನ್ನು ಹಾಕಿಸುತ್ತಾರೆ. ಈ ವಿಷಯದಲ್ಲಿ ಕಾಕಾ ಕಟ್ಟುನಿಟ್ಟು. ಹಾಗಂತ ಹಟಮಾರಿಯೇನಲ್ಲ. ಒಂದೇ ಕಂಪನಿಯದು ಬೇಕೇ ಬೇಕು ಎಂದು ಅವರು ಯಾರಿಗೂ ಹೇಳಿದವರಲ್ಲ. "ಕಂಪನಿ ಬ್ಯಾರೆ ಇದ್ರ ನಡೀತೈತಿ. ಗುಣಾ ಕೂಡಬೇಕು. ಗಾಡಿಗೆ ಬರೂ ಅಳತಿ ಇರಬೇಕು. ಒಂದು ಹೊಸಾದು, ಒಂದು ಬೋಳು ಆಗಬಾರ್ದು" ಎನ್ನುತ್ತಿದ್ದರು. ಯಾರಾದರೂ ವಾದಕ್ಕಿಳಿದರೆ ಇನ್ನೊಂದು ಮಾತಿತ್ತು: "ಹಿಂದಿನ ಗಾಲಿ ನೂಕತೈತಿ, ಮುಂದಿಂದು ದಾರಿ ಹಿಡೀತೈತಿ. ನೂಕಾಂವ ಪೈಲ್ವಾನ ಆಗಿ ದಾರಿ ಹಿಡಿಯಾಂವ ಕುರುಡ ಆದ್ರ, ಎಲ್ಲಿಗೆ ಹೋಗಿ ಮುಟ್ತಿ?"

ಈ ಮಾತನ್ನು ನಾನು ಹತ್ತಾರು ಸಲ ಕೇಳಿದ್ದೆ. ಬೇರೆಯವರಿಗೆ ಹೇಳಿಯೂ ಇದ್ದೆ.

ನನ್ನ ಹೆಂಡತಿಯ ತವರು ಲಕ್ಷ್ಮೇಶ್ವರ. ಅವಳ ಅಣ್ಣ ದಪ್ಪ ಟೈರಿನ ದೊಡ್ಡ ಬೈಕು ಕೊಂಡಿದ್ದ. ನಾನು ಹೋದಾಗಲೆಲ್ಲ ನನ್ನ ಗಾಡಿಯ ಹಿಂದಿನ ಗಾಲಿಯನ್ನು ಕಾಲಿನಿಂದ ತಟ್ಟಿ, "ಏನ್ರಿ ಇದು, ಎಮ್ಮಿ ಬಾಲ ಇದ್ದಂಗ ಐತಿ" ಎಂದು ಎಲ್ಲರೆದುರು ನಗುತ್ತಿದ್ದ. ಸಣ್ಣ ಮಾತು. ಆದರೆ ಅದು ನನ್ನಲ್ಲಿ ಮುಳ್ಳಿನ ಹಾಗೆ ಉಳಿದಿತ್ತು. ಅವನ ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಕರೆ ಬಂದಾಗ, ನನ್ನ ಹಿಂದಿನ ಟೈರೂ ಬದಲಿಸುವ ಹಂತಕ್ಕೆ ಬಂದಿತ್ತು. ಮೈಮೇಲೆ ದಪ್ಪ ಉಬ್ಬುಗಳಿದ್ದ, ಅಗಲದ ಟೈರೊಂದನ್ನು ಮನಸ್ಸಿನಲ್ಲೇ ಆರಿಸಿಕೊಂಡು ಕಾಕಾನ ಅಂಗಡಿಗೆ ಹೋದೆ.

ಅವರು ಹೆಬ್ಬೆರಳು ಎಳೆದರು. ಹಿಂದಿನದರ ಮೇಲೆ ಒಮ್ಮೆ, ಮುಂದಿನದರ ಮೇಲೆ ಎರಡು ಸಲ.

"ಎರಡೂ ತಗೀಬೇಕು ತಮ್ಮಾ. ಮುಂದಿನ ಗೆರಿ ಎಲ್ಲಾ ಹೋಗ್ಯಾವು."

"ಮುಂದಿಂದು ಇನ್ನೊಮ್ಮೆ ನೋಡೂಣು ಕಾಕಾ. ಹಿಂದ ಅಷ್ಟು ಆ ದಪ್ಪಂದು ಹಾಕ್ರಿ."

"ಆ ದಪ್ಪಂದು ನಿನ್ನ ಗಾಡಿಗೆ ಅಲ್ಲ. ಈ ಬೋಳು ಮುಂದ ಇಟ್ಕೊಂಡು ಹಿಂದ ಅದನ್ನ ಹಾಕಿದ್ರ, ಎರಿ ಕೆಸರಿನ್ಯಾಗ ಹಿಂದಿಂದು ಹಿಡೀತೈತಿ, ಮುಂದಿಂದು ಜಾರತೈತಿ. ನಿನಗ ಬರೂ ಜೋಡಿ ಬುಧವಾರ ಹುಬ್ಬಳ್ಳಿಂದ ಬರ್ತೈತಿ. ಎರಡ ದಿನ ತಡಿ."

"ಮಂಗಳವಾರ ಕಾರ್ಯ ಐತ್ರಿ."

"ಬಸ್ಸಿಗೆ ಹೋಗು."

ನಾನು ಮತ್ತೂ ಒತ್ತಾಯಿಸಿದೆ. ಅವರು ಎದ್ದು ಕೈ ಒರೆಸಿಕೊಂಡರು. "ನನ್ನ ಅಂಗಡ್ಯಾಗ ಆಗೂದಿಲ್ಲ. ನಿನ್ನ ಹಿಂದ ಹೆಣ್ಣಮಗಳು ಕುಂಡ್ರತಾಳ. ಹೋಗು."

ಸಿಟ್ಟು ಬಂತು. ಗದಗಿನ ಪೇಟೆಯ ಇನ್ನೊಂದು ಅಂಗಡಿಗೆ ಹೋದೆ. ಅಲ್ಲಿಯವನು ಏನೂ ಕೇಳದೆ ಅರ್ಧ ಗಂಟೆಯಲ್ಲಿ ಹಾಕಿಕೊಟ್ಟ. ಗಾಡಿ ಹಿಂದಿನಿಂದ ನೋಡಲು ಚೆಂದವಾಗಿಯೇ ಇತ್ತು. ಮನೆಗೆ ಬಂದಾಗ ಹೆಂಡತಿ, "ಬಸ್ಸಿಗೆ ಹೋಗೂಣಲ್ರಿ, ಮಳಿ ಬರೂ ಹಂಗ ಐತಿ" ಅಂದಳು. ಕಾಕಾನೂ ಅದನ್ನೇ ಹೇಳಿದರು ಎಂದು ನಾನು ಅವಳಿಗೆ ಹೇಳಲಿಲ್ಲ.

ಮಂಗಳವಾರ ಇಬ್ಬರೂ ಬೈಕಿನಲ್ಲೇ ಹೊರಟೆವು. ಲಕ್ಷ್ಮೇಶ್ವರದ ದಾರಿಯಲ್ಲಿ ಮಾಗಡಿ ಕೆರೆ ಇನ್ನೂ ಸ್ವಲ್ಪ ದೂರ ಇರುವಾಗ ಹನಿ ಶುರುವಾಯಿತು. ಹೊಲದಿಂದ ಉಳ್ಳಾಗಡ್ಡಿ ಹೇರಿಕೊಂಡು ರಸ್ತೆಗೆ ಹತ್ತಿದ ಟ್ರ್ಯಾಕ್ಟರುಗಳು ಡಾಂಬರಿನ ಮೇಲೆಲ್ಲ ಎರೆಮಣ್ಣು ಮೆತ್ತಿದ್ದವು. ತಿರುವಿನಲ್ಲಿ ಹ್ಯಾಂಡಲ್ ತಿರುಗಿಸಿದೆ. ಕೈ ತಿರುಗಿತು, ಗಾಡಿ ತಿರುಗಲಿಲ್ಲ. ಹಿಂದಿನ ಗಾಲಿ ಗಟ್ಟಿಯಾಗಿ ಹಿಡಿದು ನೂಕುತ್ತಲೇ ಇತ್ತು, ಮುಂದಿನದು ಬೆಣ್ಣೆಯ ಮೇಲೆ ಹೋದ ಹಾಗೆ ಹೋಯಿತು. ನನಗೆ ಭುಜದ ಮೂಳೆ ಮುರಿಯಿತು. ಅವಳ ಬಲಗಾಲು ಗಾಡಿಯ ಕೆಳಗೆ ಸಿಕ್ಕು ಮೊಣಕಾಲು ಪುಡಿಯಾಯಿತು.

ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಹಲಗೆ ತುಳಿಯದೆ ನೇಯುವುದು ಆಗುವುದಿಲ್ಲ. ಅವಳು ಆಮೇಲೆ ನೇಯಲಿಲ್ಲ. ಇಷ್ಟು ಹೇಳಿದರೆ ಸಾಕು.

ಮರುದಿನ ಗದಗಿನ ಆಸ್ಪತ್ರೆಯಲ್ಲಿ ಅವಳ ಅಣ್ಣ ನನ್ನ ಮಂಚದ ಹತ್ತಿರ ಬಂದು ನಿಂತ. ಬರುವ ದಾರಿಯಲ್ಲಿ ಗಾಡಿ ನೋಡಿ ಬಂದಿದ್ದ.

"ಮುಂದಿಂದು ಬೋಳು, ಹಿಂದಿಂದು ಹೊಚ್ಚ ಹೊಸಾದು, ಅದೂ ಗಾಡಿಗೆ ಬರಲಾರದ್ದು. ಹಿಂಗ ಹಾಕಿ ಕಳಸಿದಾಂವ ಯಾಂವ?"

ಸುತ್ತ ಅವಳ ತವರಿನ ಮಂದಿ ನಿಂತಿದ್ದರು. ಅವಳ ತಾಯಿ ಕೆಳಗೆ ಕೂತು ಅಳುತ್ತಿದ್ದರು. ನಿನ್ನ ನಗೆ ಮುಚ್ಚಿಸಲು ನಾನೇ ಹಟ ಹಿಡಿದು ಹಾಕಿಸಿದೆ, ಹಾಕಬೇಡ ಎಂದವರ ಮಾತು ಮೀರಿ ಹಾಕಿಸಿದೆ ಎಂದು ಆ ಮುಖಕ್ಕೆ ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು, "ಬೆಟಗೇರಿ ಟೈರ್ ಕಾಕಾ."

ಯಾಕೆ ಅವರ ಹೆಸರೇ ಬಂತು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಪೇಟೆಯವನ ಹೆಸರು ಹೇಳಿದರೆ, ನಿಮ್ಮ ಕಾಕಾನ ಬಿಟ್ಟು ಅಲ್ಲಿಗೆ ಯಾಕೆ ಹೋದಿರಿ ಎಂದು ಕೇಳುತ್ತಿದ್ದರು. ಆಗ ಎಲ್ಲ ಹೊರಬೀಳುತ್ತಿತ್ತು. ಅಷ್ಟೇ ಲೆಕ್ಕಾಚಾರ. ಅರ್ಧ ಕ್ಷಣವೂ ಹಿಡಿಯಲಿಲ್ಲ.

ಮಧ್ಯಾಹ್ನ ಅವನು ನಾಲ್ಕು ಮಂದಿಯೊಂದಿಗೆ ಬೆಟಗೇರಿಗೆ ಹೋದ. ಸಂತೆಯ ದಿನ, ಬೀದಿ ತುಂಬ ಜನ. ತೂಗುಬಿಟ್ಟ ಟೈರುಗಳನ್ನು ಎಳೆದು ರಸ್ತೆಗೆ ಒಗೆದರಂತೆ. ನೀರಿನ ಬೋಗುಣಿ ಒದ್ದರಂತೆ. ಕಾಕಾನ ಅಂಗಿಯ ಕೊರಳಪಟ್ಟಿ ಹಿಡಿದು, "ನನ್ನ ತಂಗಿ ಕಾಲು ತಗದಿ" ಅಂದನಂತೆ. ಯಾರೋ ಮೊಬೈಲಿನಲ್ಲಿ ಹಿಡಿದರು. ಕತ್ತಲಾಗುವುದರೊಳಗೆ ಊರೆಲ್ಲ ನೋಡಿತ್ತು. ಪಕ್ಕದ ಮಂಚದವನು ನನಗೂ ತೋರಿಸಿದ. ಅದರಲ್ಲಿ ಕಾಕಾ ಬಡಿದಾಡುವುದಿಲ್ಲ, ಕೂಗುವುದಿಲ್ಲ. "ನಾ ಹಾಕಿಲ್ಲಪಾ, ಬ್ಯಾಡಂದು ಕಳಸೀನಿ ಅವ್ನ" ಎಂದು ಒಂದೇ ಮಾತು ಹೇಳುತ್ತಿರುತ್ತಾರೆ. ಯಾರೂ ಕೇಳುತ್ತಿರುವುದಿಲ್ಲ.

ಅವತ್ತು ಸಂಜೆಯೇ ಅವರು ಆಸ್ಪತ್ರೆಗೆ ಬಂದರು. ಅಂಗಿಯ ಗುಂಡಿ ಕಿತ್ತಿತ್ತು. ಕೈಯಲ್ಲಿ ಮೋಸಂಬಿಯ ಚೀಲ. ನನ್ನ ಹೆಂಡತಿಯನ್ನು ಶಸ್ತ್ರಚಿಕಿತ್ಸೆಗೆ ಒಳಗೆ ಕರೆದೊಯ್ದಿದ್ದರು. ನಮ್ಮವರೆಲ್ಲ ನನ್ನ ಮಂಚದ ಸುತ್ತ ನಿಂತಿದ್ದರು. ಕಾಕಾ ಚೀಲವನ್ನು ಮಂಚದ ಮೇಲಿಟ್ಟು, ಎಲ್ಲರಿಗೂ ಕೇಳುವ ಹಾಗೆ ಅಂದರು: "ಇಷ್ಟ ಮಂದಿ ಮುಂದ ನೀನಽ ಹೇಳಿಬಿಡು ತಮ್ಮಾ. ಆ ಟೈರ್ ಹಾಕಿದ್ದು ನಾನೇನು?"

ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ನಾನು ಖರೆ ಹೇಳುತ್ತೇನೆ ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಸಂಶಯ ಇರಲಿಲ್ಲ. ಅದಕ್ಕೇ ಆ ಸ್ಥಿತಿಯಲ್ಲೂ ಬಂದಿದ್ದರು. ನನ್ನ ಹೆಂಡತಿಯ ಅಣ್ಣ ನನ್ನನ್ನೇ ನೋಡುತ್ತಿದ್ದ.

ನಾನು ಅಂದೆ, "ಮರ್ತೀರೇನ್ ಕಾಕಾ? ಹಾಕಿದ್ದು ನೀವಽ ಅಲ್ರಿ."

ಅವರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. "ನಾನು?" ಅಂದರು. ಯಾರೋ ಅವರ ಭುಜ ಹಿಡಿದು ಬಾಗಿಲ ಕಡೆ ತಿರುಗಿಸಿದರು. ಹೋದರು.

ಭುಜ ಕೂಡಿದ ಮೇಲೆ ನಾನು ಆ ರಸ್ತೆ ಬಿಟ್ಟೆ. ಎರಡು ಓಣಿ ಬಳಸಿ ಹೋಗುತ್ತಿದ್ದೆ. ಕೆಲವು ತಿಂಗಳಿಗೆ ಅಂಗಡಿ ಮುಚ್ಚಿತು ಎಂದು ಕೇಳಿದೆ. ಕಾಕಾನ ಹೆಂಡತಿ ಮೊದಲೇ ತೀರಿಕೊಂಡಿದ್ದರು. ಅವರು ಕಳಸಾಪುರದಲ್ಲಿದ್ದ ಮಗಳ ಮನೆಗೆ ಹೋದರಂತೆ. ಗಿರಾಕಿ ಕಡಿಮೆಯಾಗಿರಬೇಕು ಅಂದುಕೊಂಡೆ. ನನ್ನಿಂದ ಒಬ್ಬರ ಅನ್ನ ಹೋಯಿತು ಅನಿಸಿತು. ಹೇಳಲು ನಾಚಿಕೆಯಾಗುತ್ತದೆ, ದಾರಿ ಬಳಸುವ ಕೆಲಸ ತಪ್ಪಿತು ಎಂದೂ ಅನಿಸಿತು.

ಸುಳ್ಳು ಹೊರಬಿದ್ದದ್ದು ಬಲು ಸುಲಭವಾಗಿ. ಹೆಂಡತಿಯನ್ನು ಆಟೋದಲ್ಲಿ ಗದಗಿಗೆ ಕರೆದುಕೊಂಡು ಹೋಗಿದ್ದೆ. ಪೇಟೆಯ ಆ ಟೈರಿನವನು ನನ್ನನ್ನು ಕಂಡು ಅಂಗಡಿಯಿಂದಲೇ ಕೂಗಿದ: "ಏನ್ ಸಾಹೇಬ್ರ, ನಾವು ಹಾಕಿದ ದಪ್ಪ ಟೈರ್ ಹೆಂಗೈತ್ರಿ? ಮತ್ತ ಬರಲೇ ಇಲ್ಲಲ್ಲ!"

ಅವಳು ಮನೆಗೆ ಬಂದು, ಹೊದಿಕೆ ಮುಚ್ಚಿಟ್ಟ ಮಗ್ಗದ ಪಕ್ಕ ಕೂತು ಎಲ್ಲ ಕೇಳಿದಳು. ನಾನು ಎಲ್ಲ ಹೇಳಿದೆ. ಆಮೇಲೆ ಅವಳು ಅಂದಳು: "ಕಾಲು ಹೋತಂತ ನಾ ನಿಮಗ ಒಂದ ಮಾತು ಅಂದಿಲ್ಲ. ಆಗೂದಿತ್ತು ಆತು ಅಂದೆ. ಆದ್ರ ಆ ಹಿರಿ ಮನಷ್ಯಾನ ನನ್ನ ಕಾಲಿನ ಸಲುವಾಗಿ ಕೊರಳಪಟ್ಟಿ ಹಿಡಿಸಿದ್ರಲ್ಲ. ಅದನ್ನ ಹೆಂಗ ಆತು ಅನ್ಲಿ?"

ಅಣ್ಣನಿಗೂ ಅವಳೇ ಫೋನು ಮಾಡಿ ಹೇಳಿದಳು. "ಆಗಿದ್ದು ಆಗಿ ಹೋತು, ಈಗ ಹೋಗಿ ಯಾರ ಕಾಲು ಹಿಡೀಲಿ" ಅಂದ ಅವನು. ಅವನನ್ನು ನಾನು ಬೈಯುವ ಹಾಗಿಲ್ಲ. ಕಲ್ಲನ್ನು ಅವನ ಕೈಗೆ ಕೊಟ್ಟವನು ನಾನೇ.

ನನ್ನನ್ನು ಅವಳೇ ಕಳಸಾಪುರಕ್ಕೆ ಹೊರಡಿಸಿದಳು. "ಬಾಯಿ ಬಿಟ್ಟು ಹೇಳಿ ಬರ್ರಿ. ಬೈದ್ರ ಬೈಸ್ಕೊಂಡು ಬರ್ರಿ."

ಕಾಕಾ ಮಗಳ ಮನೆಯ ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ಮಗಳು ಹೊಲಕ್ಕೆ ಹೋಗಿದ್ದಳು. ಅವರು ಅರ್ಧ ಆಗಿದ್ದರು. ನನ್ನನ್ನು ಗುರುತು ಹಿಡಿದು, "ಬಾರಪಾ, ಕುಂಡ್ರು" ಅಂದರು. ಒಳಗಿನಿಂದ ತಾವೇ ನೀರು ತಂದು ಕೊಟ್ಟರು. ಅವಳ ಕಾಲಿನ ಬಗ್ಗೆ ಕೇಳಿದರು. ನಾನು ಮಳೆಯ ಬಗ್ಗೆ ಮಾತಾಡಿದೆ, ಶೇಂಗಾದ ಬಗ್ಗೆ ಮಾತಾಡಿದೆ. ನಾಲಿಗೆಯ ಮೇಲೆ ಬಂದದ್ದು ಮತ್ತೆ ಮತ್ತೆ ಒಳಗೆ ಹೋಗುತ್ತಿತ್ತು. ಆಗ ಅವರೇ ನನ್ನ ಕಡೆ ಬಾಗಿ, ಸಣ್ಣ ದನಿಯಲ್ಲಿ ಕೇಳಿದರು.

"ತಮ್ಮಾ, ಒಂದು ಖರೆ ಹೇಳು. ಅದನ್ನ ನಾನಽ ಹಾಕಿದ್ನೇನು?"

ಚುಚ್ಚುತ್ತಿದ್ದಾರೆ ಅಂದುಕೊಂಡೆ. ಎಲ್ಲ ಗೊತ್ತಿದ್ದೂ ನನ್ನ ಬಾಯಿಂದಲೇ ಹೊರಡಿಸಿ ನನ್ನನ್ನು ನೆಲಕ್ಕೆ ಹಾಕಲು ಕೇಳುತ್ತಿದ್ದಾರೆ ಅಂದುಕೊಂಡೆ. ನಾನು ಎದ್ದುಬಿಟ್ಟೆ.

"ಹೋಗ್ಲಿ ಬಿಡ್ರಿ ಕಾಕಾ. ಈಗ ಯಾಕ ಅದೆಲ್ಲಾ. ನಾವೇನು ನಿಮ್ಮ ಮ್ಯಾಲೆ ಸಿಟ್ಟು ಇಟ್ಕೊಂಡಿಲ್ಲ."

ನಾವೇನು ನಿಮ್ಮ ಮೇಲೆ ಸಿಟ್ಟು ಇಟ್ಟುಕೊಂಡಿಲ್ಲ! ಈ ಮಾತನ್ನು ನಾನು ನನ್ನ ಬಾಯಿಂದಲೇ ಆಡಿದೆ. ಅವರು ತಲೆ ಆಡಿಸಿದರು. "ಆತಪಾ" ಅಂದರು. "ನಿನ್ನ ಹೆಂಡತಿಗೆ, ಆ ಮುದುಕ ಬೇಕಂತ ಮಾಡ್ಲಿಲ್ಲಂತ ಹೇಳು."

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. "ಹೇಳಿದ್ರೇನು?"

"ಹೇಳಿದೆ."

"ಏನಂದ್ರು?"

"ಏನೂ ಅನ್ಲಿಲ್ಲ. ಹೋಗ್ಲಿ ಬಿಡು ಅಂದ್ರು."

ಅವಳು ಅವತ್ತು ಬಹಳ ದಿನಗಳ ಮೇಲೆ ನನಗೆ ತಾನೇ ಬಡಿಸಿದಳು.

ವರ್ಷ ತುಂಬುವುದರೊಳಗೆ ಕಾಕಾ ತೀರಿಕೊಂಡರು. ಸುದ್ದಿ ನಮಗೆ ತಡವಾಗಿ ಮುಟ್ಟಿತು. ಅವರ ಮಗಳನ್ನು ಮಾತಾಡಿಸಿ ಬರಲು ಇಬ್ಬರೂ ಹೋದೆವು. ಬಸ್ಸಿಳಿದು ಆ ಮನೆಯವರೆಗೆ ಅವಳು ಕೋಲು ಊರಿಕೊಂಡು, ಮೂರು ಕಡೆ ನಿಂತು ನಡೆದಳು. ಒಳಗೆ ನಾಲ್ಕಾರು ಹೆಂಗಸರು ಕೂತಿದ್ದರು. ಹೆಂಡತಿಯ ಕಾಲು ನೋಡಿದ ಕೂಡಲೇ ಕಾಕಾನ ಮಗಳಿಗೆ ನಾವು ಯಾರೆಂದು ತಿಳಿಯಿತು. ಎದ್ದು ಬಂದು ಅವಳ ಕೈ ಹಿಡಿದುಕೊಂಡಳು.

"ಅಕ್ಕಾರ, ನಮ್ಮಪ್ಪನ ಮ್ಯಾಲೆ ಸಿಟ್ಟು ಇಟ್ಕೋಬ್ಯಾಡ್ರಿ" ಅಂದಳು. "ಅಂವ ನಿಮ್ಮ ಹೆಸರಿಲೆ ಭಾಳ ಮರಗಿದ. ಮೊದಮೊದಲ ನಾ ಹಾಕಿಲ್ಲ, ಹಾಕಿಲ್ಲ ಅಂತಿದ್ದ. ಆಮ್ಯಾಲೆ, ಅಂವ ಅಂಥ ಸುಳ್ಳು ಹೇಳೂ ಮನಷ್ಯಾ ಅಲ್ಲ, ನಾನಽ ಹಾಕಿ ಮರ್ತಿರಬೇಕು ಅನ್ನಾಕ ಹತ್ತಿದ. ಗಿರಾಕಿ ಏನ್ ಬಿಟ್ಟಿರಲಿಲ್ರಿ. ಅಂವಗಽ ಧೈರ್ಯ ಹೋತು. ಹಾಕಿದ ನಟ್ ಮತ್ತ ಮತ್ತ ಬಿಚ್ಚಿ ನೋಡಾಂವ. ಗಾಡಿ ಹೋದ ಮ್ಯಾಲೂ ಬಿಗಿ ಮಾಡೀನೋ ಇಲ್ಲೋ ಅಂತ ಹಿಂದ ಓಡಾಂವ. ತಲಿ ಕೆಟ್ಟೈತಿ, ಇನ್ನ ಯಾರದರ ಜೀವ ತಗೀತೀನಿ ಅಂತ ತಾನಽ ಅಂಗಡಿ ಮುಚ್ಚಿದ. ಸಾಯೂ ಮುಂದೂ ಅದನ್ನಽ ಕೇಳಿದ. ನಾನಽ ಹಾಕಿದ್ನೇನವ್ವಾ ಅಂತ. ನನಗರ ಏನ್ ಗೊತ್ರಿ? ಏನಂತ ಹೇಳ್ಲಿ?"

ಕಟ್ಟೆಯ ಮೇಲೆ ಕೂತು ನನ್ನ ಕಡೆ ಬಾಗಿ ಕೇಳಿದಾಗ ಅವರು ಚುಚ್ಚುತ್ತಿರಲಿಲ್ಲ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಊರಿನ ಪ್ರತಿಯೊಂದು ಗಾಡಿಯನ್ನೂ ನೆನಪಿಟ್ಟಿದ್ದ ಮನುಷ್ಯ, ನನ್ನ ಮಾತನ್ನು ನಂಬಿ ತನ್ನ ನೆನಪನ್ನು ಬಿಟ್ಟುಕೊಟ್ಟಿದ್ದರು. ಒಂದೇ ಒಂದು "ಇಲ್ಲ" ಸಾಕಾಗಿತ್ತು. ಅದನ್ನು ಕೇಳಲೆಂದೇ ಅವರು ನನ್ನನ್ನು ಕರೆದು ಕೂರಿಸಿ ನೀರು ಕೊಟ್ಟಿದ್ದರು.

ನನ್ನ ಹೆಂಡತಿ ನಿಧಾನವಾಗಿ ನನ್ನ ಕಡೆ ತಿರುಗಿದಳು. ನಾನು ಹೇಳಿದ್ದೇನೆ ಎಂದಿದ್ದೆನಲ್ಲ. ಹೇಳಿಲ್ಲ ಎಂದು ಅವಳಿಗೆ ಆಗ ತಿಳಿಯಿತು. ಬಾಯಿ ಬಿಡಲು ನನಗೆ ಅಲ್ಲಿ ಇನ್ನೂ ಒಂದು ಗಳಿಗೆ ಸಿಕ್ಕಿತ್ತು. ಅವಳು ಕಾದಳು, ನನಗಾಗಿಯೇ ಕಾದಳು ಅನಿಸುತ್ತದೆ. ಹೆಂಗಸರೆಲ್ಲ ನಮ್ಮನ್ನೇ ನೋಡುತ್ತಿದ್ದರು. ನಾನು ಚಾಪೆಯ ಅಂಚು ನೋಡುತ್ತ ಕೂತೆ.

ಆಮೇಲೆ ಅವಳು ಕೋಲನ್ನು ಗೋಡೆಗಿಟ್ಟು, ಕಾಕಾನ ಮಗಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಇಡೀ ಮನೆಗೆ ಕೇಳುವ ಹಾಗೆ ಹೇಳಿದಳು.

"ನಿಮ್ಮಪ್ಪ ಹಾಕಿಲ್ಲವ್ವಾ. ಬ್ಯಾಡಂದು ಕಳಿಸಿದ್ದ. ಇವ್ರು ಸುಳ್ಳು ಹೇಳಿದ್ರು."